ಕೂತ ಹೊತ್ತಿನ ಸಂಬಳ

ಸರ್ಕಾರಿ ವೃದ್ಧಾಶ್ರಮದ ಹದಿನಾಲ್ಕು ಮಂದಿ ಆಯಾಗಳನ್ನು ಆ ತಿಂಗಳ ಒಂದನೆಯ ತಾರೀಕಿನಿಂದ ಆರೈಕೆ ದರ್ಜೆಯಿಂದ ತೆಗೆದು ಶುಚಿತ್ವ ದರ್ಜೆಗೆ ಹಾಕಲಾಯಿತು. ಸಂಬಳದಲ್ಲಿ ಮೂರನೆಯ ಒಂದು ಪಾಲು ಹೋಯಿತು. ಕೆಲಸ ಮೊದಲಿನದೇ ಇತ್ತು.

ಆದೇಶದ ಹಾಳೆಯನ್ನು ಔಷಧದ ಕೋಣೆಯ ಪಕ್ಕದ ಹಲಗೆಗೆ ಸಿಕ್ಕಿಸಿದ್ದರು. ಬೆಳಗಿನ ಪಾಳಿಗೆ ಬಂದವರೂ ರಾತ್ರಿ ಪಾಳಿ ಮುಗಿಸಿದವರೂ ಒಬ್ಬೊಬ್ಬರಾಗಿ ಅದರ ಮುಂದೆ ನಿಂತರು, ಬೆರಳಿಟ್ಟು ತಮ್ಮ ಹೆಸರು ಹುಡುಕಿದರು, ಹೆಸರಿನ ಎದುರಿಗಿದ್ದ ಮೊತ್ತ ನೋಡಿದರು, ಆಮೇಲೆ ಮತ್ತೊಮ್ಮೆ ಹೆಸರು ನೋಡಿದರು, ಸಾಲು ತಪ್ಪಿರಬಹುದೆಂದು. ಸಾಲು ತಪ್ಪಿರಲಿಲ್ಲ.

"ಕಾಲ ಅಧ್ಯಯನದ ಫಲಿತಾಂಶದ ಆಧಾರದ ಮೇಲೆ ಅಂತಿದೆ," ಎಂದು ಚಟಾಕಿ ಗಟ್ಟಿಯಾಗಿ ಓದಿದಳು. "ಏನಕ್ಕಾ ಹಂಗಂದ್ರೆ? ನಮ್ಮ ಕಾಲ ಮುಗೀತು ಅಂತಾನಾ?"

ಬೇರೆ ದಿನವಾಗಿದ್ದರೆ ಇಡೀ ಓಣಿ ನಗುತ್ತಿತ್ತು. ಮಾತಿಗೊಂದು ಚಟಾಕಿ ಹಾರಿಸುತ್ತಾಳೆಂದೇ ಅವಳಿಗೆ ಆ ಹೆಸರು ಬಿದ್ದದ್ದು. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಇವತ್ತು ಯಾರೂ ನಗಲಿಲ್ಲ. ಹದಿಮೂರು ಜನವೂ ತಿರುಗಿ ದೊಡ್ಡಕ್ಕನ ಮುಖ ನೋಡಿದರು.

ದೊಡ್ಡಕ್ಕ ಅವರೆಲ್ಲರಿಗಿಂತ ಹಿರಿಯ ಆಯಾ. ಇಪ್ಪತ್ತಾರು ವರ್ಷದ ಸರ್ವಿಸು. ಚಟಾಕಿಗೆ ಅವಳು ಮನೆಯಲ್ಲೂ ದೊಡ್ಡಕ್ಕನೇ. ಒಂದೇ ಮನೆಗೆ ಬಂದ ವಾರಗಿತ್ತಿಯರು ಅವರು, ಅಣ್ಣನ ಹೆಂಡತಿ ಇವಳು, ತಮ್ಮನ ಹೆಂಡತಿ ಅವಳು. ದೊಡ್ಡಕ್ಕ ಹಲಗೆಯ ಹತ್ತಿರ ಹೋಗಲೇ ಇಲ್ಲ. ಗಂಜಿಯ ತಳ್ಳುಗಾಡಿಯ ಹಿಡಿ ಹಿಡಿದುಕೊಂಡು ನಿಂತೇ ಇದ್ದಳು. ಆ ಹಾಳೆಯಲ್ಲಿ ಏನಿದೆ ಎನ್ನುವುದಕ್ಕಿಂತ ಅದು ಯಾಕೆ ಬಂತು ಎನ್ನುವುದು ಅವಳಿಗೆ ಗೊತ್ತಾಗಿಹೋಗಿತ್ತು. ಅದನ್ನು ತರಿಸಿದವಳು ಅವಳೇ.

ಮೂರು ತಿಂಗಳ ಹಿಂದಿನ ಮಾತು. ಸಂಬಳ ಪರಿಷ್ಕರಣೆ ಮಾಡುತ್ತೇವೆ, ಯಾರ ಕೆಲಸ ಎಷ್ಟು ತೂಗುತ್ತದೆಂದು ಅಳೆದು ಅದರಂತೆ ಕೊಡುತ್ತೇವೆ ಎಂದು ಸರ್ಕಾರ ಹೇಳಿತು. ಅಳೆಯಲು ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿತು. ಕಂಪನಿಯಿಂದ ಕನ್ನಡಕದ ಮೇಡಂ ಒಬ್ಬರು ಬಂದು ಆಯಾಗಳನ್ನೆಲ್ಲ ಊಟದ ಕೋಣೆಯಲ್ಲಿ ಕೂರಿಸಿ ಒಬ್ಬೊಬ್ಬರಿಗೂ ಹದಿನಾಲ್ಕು ಹಾಳೆ ಹಂಚಿದರು. ದಿನಕ್ಕೊಂದು ಹಾಳೆ, ಹಾಳೆಗೆ ಮೂವತ್ತೆರಡು ಚೌಕ, ಚೌಕಕ್ಕೆ ಹದಿನೈದು ನಿಮಿಷ. ಆ ಹದಿನೈದು ನಿಮಿಷದಲ್ಲಿ ಮಾಡಿದ ಕೆಲಸದ ನಂಬರನ್ನು ಚೌಕದಲ್ಲಿ ಬರೆಯಬೇಕು. ನಂಬರುಗಳ ಪಟ್ಟಿ ಹಿಂಬದಿಯಲ್ಲಿ ಅಚ್ಚಾಗಿತ್ತು. ಒಂದು ಅಂದರೆ ಸ್ನಾನ ಮಾಡಿಸುವುದು, ಮೂರು ಅಂದರೆ ಹಾಸಿಗೆ ಬದಲಿಸುವುದು, ನಾಲ್ಕು ಅಂದರೆ ಊಟ ಮಾಡಿಸುವುದು. ಹೀಗೆ ಸಾಗಿ ಇಪ್ಪತ್ತೆರಡಕ್ಕೆ ಹೆಣವನ್ನು ಸಾಗಣೆಗೆ ಸಿದ್ಧಪಡಿಸುವುದು. ಇಪ್ಪತ್ಮೂರು, ಕೆಲಸವಿಲ್ಲದ ವೇಳೆ.

ದೊಡ್ಡಕ್ಕ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎರಡು ಸಲ ಓದಿ ಕೈ ಎತ್ತಿದಳು.

"ಮೇಡಂ, ಒಬ್ಬರ ಪಕ್ಕ ಕೂತಿರೋದಕ್ಕೆ ಯಾವ ನಂಬರು?"

"ಕೂತು ಏನು ಮಾಡ್ತೀರಿ?"

"ಕೂತಿರ್ತೀವಿ."

"ಅದೇ ಕೇಳಿದ್ದು. ಔಷಧ ಕೊಡ್ತೀರಾ, ಮೈ ಒರೆಸ್ತೀರಾ, ಏನು?"

"ಅದೆಲ್ಲ ಆದಮೇಲೆ ಮೇಡಂ. ಕೈ ಹಿಡ್ಕೊಂಡು ಕೂತಿರ್ತೀವಿ. ಕೆಲವರು ಬಿಡಲ್ಲ. ಕೆಲವರು ಯಾರಾದ್ರೂ ಪಕ್ಕದಲ್ಲಿದ್ರೆ ಮಾತ್ರ ನುಂಗೋದು. ಇನ್ನು ಹೋಗೋ ಹೊತ್ತು ಬಂದವರು..."

ಮೇಡಂ ತಮ್ಮ ಪುಸ್ತಕ ತಿರುವಿದರು. ಅಲ್ಲೂ ಸಿಗಲಿಲ್ಲ. "ಪಟ್ಟಿಯಲ್ಲಿ ಇಲ್ಲದ್ದಕ್ಕೆಲ್ಲ ಇಪ್ಪತ್ಮೂರು ಹಾಕಿಬಿಡಿ," ಎಂದರು. ಕೋಣೆಯ ತುಂಬ ಗುಸುಗುಸು ಎದ್ದಿತು. ಮೇಡಂ ಕನ್ನಡಕ ತೆಗೆದು, ತುಂಬ ಆಪ್ತರಾಗಿ ಹೇಳಿದರು: "ನೋಡಿ, ಸುಳ್ಳು ಮಾತ್ರ ಬರೀಬೇಡಿ. ನೀವು ಇದ್ದದ್ದು ಇದ್ದ ಹಾಗೆ ಬರೆದ್ರೆ ತಾನೇ ಪಟ್ಟಿಯಲ್ಲಿ ಏನು ಬಿಟ್ಟುಹೋಗಿದೆ ಅಂತ ಮೇಲಿನವರಿಗೆ ಗೊತ್ತಾಗೋದು?"

ಆ ಒಂದು ಮಾತು ದೊಡ್ಡಕ್ಕನ ಎದೆಗೆ ನಾಟಿತು. ಇಪ್ಪತ್ತಾರು ವರ್ಷದಲ್ಲಿ, ನೀನು ಏನು ಮಾಡುತ್ತೀಯಮ್ಮ ಎಂದು ಯಾರೂ ಕೇಳಿರಲಿಲ್ಲ. ಯಾಕೆ ಮಾಡಲಿಲ್ಲ ಎಂದು ಕೇಳಿದವರೇ ಎಲ್ಲ. ಈಗ ಮೇಲಿನವರು ಕೇಳುತ್ತಿದ್ದಾರೆ, ಬರೆದುಕೊಡೋಣ. ಅವಳು ಬರೆದಳು. ಚೌಕದಲ್ಲಿ ಇಪ್ಪತ್ಮೂರು ಹಾಕಿ, ಅಂಚಿನ ಖಾಲಿ ಜಾಗದಲ್ಲಿ ಇರುವೆಯಂಥ ಅಕ್ಷರದಲ್ಲಿ ಕಾರಣ ಬರೆದಳು. ಹನ್ನೊಂದನೆಯ ಹಾಸಿಗೆ, ಕೈ ಬಿಡಲಿಲ್ಲ, ಕೂತೆ. ನಾಲ್ಕನೆಯ ಹಾಸಿಗೆ, ಮಗಳು ಬರುವ ವಾರ, ಬರಲಿಲ್ಲ, ಅದಕ್ಕೆ ಕೂತೆ. ಏಳನೆಯ ಹಾಸಿಗೆ, ಉಸಿರು ಬೇರೆ ಆಗಿದೆ, ಕೂತೆ. ಬರೆಯಲು ಬಾರದವರ ಹಾಳೆಗಳನ್ನು ಕೇಳಿ ಕೇಳಿ ತಾನೇ ತುಂಬಿದಳು. ಯಾರೋ ಒಬ್ಬರು ಮೇಜಿನ ಮುಂದೆ ಕೂತು, ದೀಪ ಹತ್ತಿರಕ್ಕೆ ಎಳೆದುಕೊಂಡು, ತನ್ನ ಅಂಚಿನ ಅಕ್ಷರ ಓದುತ್ತಾರೆ ಎಂದೇ ಅವಳು ನಂಬಿದ್ದಳು. ನಂಬಿಕೆ ಅಂದರೆ ಇದು! ಸರ್ಕಾರದ ಕಾಗದದ ಅಂಚನ್ನು ಸರ್ಕಾರ ಓದುತ್ತದೆಂದು ನಂಬುವವರು ಈ ಲೋಕದಲ್ಲಿ ಹಾಸಿಗೆಯ ಪಕ್ಕ ಕೂರುವ ಹೆಂಗಸರಷ್ಟೇ ಇರಬೇಕು.

ಚಟಾಕಿ ನಂಬಿರಲಿಲ್ಲ. ಅವಳು ಕೂತ ಚೌಕಗಳಿಗೆಲ್ಲ ಮೂರು, ಮೂರು, ಮೂರು ಎಂದು ಬರೆದಿದ್ದಳು. ದೊಡ್ಡಕ್ಕನ ಕೈಗೆ ಸಿಕ್ಕಿಬಿದ್ದಳು.

"ಏನೇ ಇದು? ಹನ್ನೊಂದರ ಕಂಡಕ್ಟರ್ ತಾತನ ಹಾಸಿಗೆ ಒಂದೇ ದಿನ ಹದಿಮೂರು ಸಲ ಬದಲಾಯಿಸಿದ್ಯಾ?"

"ಭೇದಿ ಆಗಿತ್ತು ಅನ್ನು."

"ಆಗಿರಲಿಲ್ಲ."

"ಆಗಲಿ ಬಿಡಕ್ಕಾ, ಕಾಗದದ ಮೇಲೆ ತಾನೇ. ತಾತಂಗೇನು ಹೊಟ್ಟೆನೋವು ಬರುತ್ತಾ? ಊರಾಚೆ ಆಶ್ರಮದವರು ಏನು ಬರೀತಿದಾರೆ ಗೊತ್ತಾ ನಿಂಗೆ? ಅಲ್ಲೊಬ್ಬ ಮುದುಕಪ್ಪಂಗೆ ದಿನಕ್ಕೆ ಒಂಬತ್ತು ಸ್ನಾನವಂತೆ. ಈ ಹದಿನಾಲ್ಕು ದಿನ ಮುಗಿಯೋದ್ರೊಳಗೆ ಸೋಪಿನ ಥರ ಕರಗಿ ಮೋರಿಗೆ ಹೋಗ್ತಾನೆ ಪಾಪ."

ದೊಡ್ಡಕ್ಕ ನಕ್ಕಳು. ನಕ್ಕು, ಹಾಳೆ ಹರಿದು, ಹೊಸ ಹಾಳೆ ಕೊಟ್ಟು, ಎದುರಿಗೇ ಕೂತು ಬರೆಸಿದಳು. "ನಾವು ಕಳ್ಳರಲ್ಲ ಕಣೇ. ಮಾಡಿದ್ದನ್ನ ಹೇಳೋಕೆ ನಮಗ್ಯಾಕೆ ನಾಚಿಕೆ?"

ಊರಾಚೆ ಆಶ್ರಮದವರಿಗೆ ಆರೈಕೆ ದರ್ಜೆಯ ಮೇಲಿನ ದರ್ಜೆ ಬಂತು. ಇವರಿಗೆ ಶುಚಿತ್ವ ದರ್ಜೆ ಬಂತು.

ಆ ಸಂಜೆ ವಾರಗಿತ್ತಿಯರು ಒಟ್ಟಿಗೇ ಮನೆಗೆ ಬಂದರು. ಎರಡು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ ಅವರದು. ದೊಡ್ಡಕ್ಕನ ಗಂಡ ಕಿಟಕಿಯ ಬೆಳಕಿಗೆ ಹೊಲಿಗೆ ಯಂತ್ರ ಎಳೆದುಕೊಂಡು ಹಳೆ ಪ್ಯಾಂಟುಗಳ ಸೊಂಟ ಬಿಚ್ಚಿ ಹೊಲಿಯುತ್ತಿದ್ದ. ಹೊಸ ಬಟ್ಟೆ ಹೊಲಿಸುವವರು ಈಗ ಯಾರಿದ್ದಾರೆ. ಮೈದುನ ಗೋಡೌನಿನಲ್ಲಿ ಮೂಟೆ ಹೊತ್ತು ಬೆನ್ನು ಮುರಿದುಕೊಂಡು ಎಂಟು ತಿಂಗಳಿಂದ ಒಳಕೋಣೆಯಲ್ಲಿ ಮಲಗಿದ್ದ. ಎರಡು ಸಂಸಾರಗಳನ್ನೂ ನಡೆಸುತ್ತಿದ್ದದ್ದು ಈ ಇಬ್ಬರು ಹೆಂಗಸರ ಸಂಬಳ. ಪರಿಷ್ಕರಣೆಯ ಸುದ್ದಿ ಬಂದ ವಾರವೇ ಅವರು ಹಿಂದಿನ ಬೀದಿಯಲ್ಲಿ ಒಂದು ಮನೆ ನೋಡಿ ಮುಂಗಡ ಕೊಟ್ಟಿದ್ದರು. ಆ ಮನೆಗೆ ಎರಡು ಅಡುಗೆಮನೆ. "ಇನ್ನು ಮೇಲೆ ಅವರವರ ಅಡುಗೆಮನೇಲಿ ನಿಂತು ಸಮಾಧಾನವಾಗಿ ಜಗಳ ಆಡಬಹುದು ಬಿಡಕ್ಕಾ," ಎಂದು ಚಟಾಕಿ ಅಂದು ಕುಣಿದಿದ್ದಳು.

ಈಗ ಅವಳು ಒಲೆಯ ಮುಂದೆ ನಿಂತು, ಮುಖ ತಿರುಗಿಸದೆ ಹೇಳಿದಳು. "ಆ ಹೊಸ ಮನೆ ಮಾಲೀಕರಿಗೆ ಬೇಡ ಅಂತ ಹೇಳಿಬಿಡು. ಮುಂಗಡ ವಾಪಸ್ ಕೊಡಲ್ಲ ಅವರು. ಹೋಯ್ತು ಅಂದ್ಕೋ."

"ನಾಳೆ ಸೂಪರಿಂಟೆಂಡೆಂಟರ ಹತ್ರ ಮಾತಾಡ್ತೀನಿ."

"ಮಾತಾಡು. ನಿನ್ನ ಮಾತು ಎಲ್ಲರೂ ಕೇಳ್ತಾರಲ್ಲ." ಆಮೇಲೆ ಸಣ್ಣ ದನಿಯಲ್ಲಿ: "ನಾನು ಮೂರು ಅಂತಾನೇ ಬರೆದಿದ್ದೆ ಅಕ್ಕಾ."

ಒಳಗೆ ಮೈದುನ ಮಗ್ಗುಲು ಬದಲಿಸಲಾರದೆ ನರಳಿದ. ಇಬ್ಬರೂ ಒಟ್ಟಿಗೇ ಒಳಗೆ ಹೋಗಿ, ಒಬ್ಬಳು ಭುಜ ಒಬ್ಬಳು ಸೊಂಟ ಹಿಡಿದು, ಅವನನ್ನು ಹೊರಳಿಸಿದರು. ಇಡೀ ದಿನ ಆ ಕೆಲಸ ಮಾಡಿ ಬಂದ ಕೈಗಳು, ಯಾರೂ ಹೇಳಿಕೊಡಬೇಕಿರಲಿಲ್ಲ.

ಸೂಪರಿಂಟೆಂಡೆಂಟರು ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗುವುದಕ್ಕೂ ಒಂದಿಷ್ಟು ಧೈರ್ಯ ಬೇಕು. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದ ಅವರ ಹತ್ತಿರ ಅಷ್ಟೂ ಇರಲಿಲ್ಲ. ಮೇಜಿನ ಮೇಲೆ ಕಂಪನಿಯ ವರದಿ ಇತ್ತು. ಅವರು ಒಂದು ಪುಟ ತೆರೆದು ಅವಳ ಕಡೆ ತಿರುಗಿಸಿದರು.

"ನೋಡಮ್ಮ, ನಾನು ಏನೂ ಮಾಡಿಲ್ಲ. ನಿಮ್ಮ ಕೈಯಾರೆ ನೀವೇ ಬರೆದದ್ದು. ಕೆಲಸವಿಲ್ಲದ ವೇಳೆ, ನೂರಕ್ಕೆ ನಲವತ್ತೊಂದು."

"ಅಂಚಿನಲ್ಲಿ ಬರೆದಿದ್ದೆ ಸಾರ್. ಯಾತಕ್ಕೆ ಕೂತಿದ್ದು ಅಂತ."

"ಅಂಚು ಎಲ್ಲಿ ಬರುತ್ತಮ್ಮಾ? ಹಾಳೆಗಳನ್ನ ಓದೋದು ಯಂತ್ರ. ಅದು ಚೌಕ ಮಾತ್ರ ನೋಡೋದು."

ಅವಳು ಆ ನಲವತ್ತೊಂದನ್ನೇ ನೋಡುತ್ತ ಕೂತಳು. ಒಂದು ಸಂಖ್ಯೆ. ಏಳನೆಯ ಹಾಸಿಗೆಯ ಅಜ್ಜಿ ಪ್ರಾಣ ಬಿಡಲು ತೆಗೆದುಕೊಂಡ ಎರಡು ಮಧ್ಯಾಹ್ನಗಳು ಅದರೊಳಗಿದ್ದವು. ಯಾರ ಕಣ್ಣಿಗೂ ಬೀಳದ ಹಾಗೆ ಇದ್ದವು.

"ಮೇಲ್ಮನವಿ ಹಾಕ್ಕೋಬಹುದು," ಎಂದರು ಅವರು. "ಮೂವತ್ತು ದಿನ ಅವಕಾಶ ಇದೆ. ಆದ್ರೆ ನನ್ನ ಶಿಫಾರಸು ಇಲ್ಲದೆ ಮೇಲಕ್ಕೆ ಹೋಗಲ್ಲ."

"ಮಾಡಿಕೊಡಿ ಸಾರ್."

"ಮಾಡೋಣ, ಮಾಡೋಣ. ಮೊದಲು ಈ ತಿಂಗಳು ನೀವೆಲ್ಲ ಹೇಗೆ ಕೆಲಸ ಮಾಡ್ತೀರಿ ಅಂತ ತೋರಿಸಿ. ದಿನಾ ತುಂಬೋ ಹೊಸ ಚಾರ್ಟು ಬಂದಿದೆ. ಮನವಿ ಜೊತೆ ಅದನ್ನೂ ಕಳಿಸ್ಬೇಕು. ಅದರಲ್ಲಿ ಒಂದೇ ಒಂದು ಇಪ್ಪತ್ಮೂರು ಕಾಣಬಾರದು. ಆಯ್ತಾ?"

ಹೊಸ ಚಾರ್ಟಿನ ಪ್ರಕಾರ ನೂರಕ್ಕೆ ನಲವತ್ತೊಂದು ಹೊತ್ತು ಬಿಡುವಾಗಿದ್ದ ಹೆಂಗಸರಿಗೆ ಕೆಲಸ ಕೊಡಲಾಯಿತು. ಪಕ್ಕದ ಸರ್ಕಾರಿ ಆಸ್ಪತ್ರೆಯ ಹಾಸುಬಟ್ಟೆಗಳು ಮೂಟೆ ಮೂಟೆಯಾಗಿ ಬಂದು ಆಶ್ರಮದ ಹಿಂದಿನ ಶೆಡ್ಡಿನಲ್ಲಿ ಬಿದ್ದವು. ಒಗೆಯುವುದು ಯಂತ್ರ, ಹಿಂಡಿ, ಹರವಿ, ಮಡಿಸುವುದು ಆಯಾಗಳು. ಎರಡು ಗಂಟೆಗೊಮ್ಮೆ ವಾರ್ಡಿಗೆ ಒಂದು ಸುತ್ತು, ಸುತ್ತಿಗೆ ಇಪ್ಪತ್ತು ನಿಮಿಷ, ಮತ್ತೆ ಶೆಡ್ಡು. ಹಾಸಿಗೆಗಳ ಪಕ್ಕದಲ್ಲಿದ್ದ ಸ್ಟೂಲುಗಳನ್ನು ಉಗ್ರಾಣಕ್ಕೆ ಸಾಗಿಸಿದರು. ಅಡ್ಡಾಡಲು ತೊಡಕು ಎಂದು ಕಾರಣ ಬರೆದರು. ಇಪ್ಪತ್ತು ವರ್ಷ ಯಾರಿಗೂ ತೊಡಕಾಗಿರಲಿಲ್ಲ.

ವಾರ್ಡು ಬಹಳ ಚೊಕ್ಕವಾಯಿತು. ಮೊದಲ ವಾರದಲ್ಲೇ ಮುದುಕರು ಕೂಗುವುದನ್ನು ಬಿಟ್ಟರು. ಕೂಗಿದರೆ ಬರುವವರು ಇಲ್ಲ ಎನ್ನುವುದು, ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರದವರಿಗೂ ಹೇಗೋ ಗೊತ್ತಾಗಿಬಿಟ್ಟಿತು. ನಾಲ್ಕನೆಯ ಹಾಸಿಗೆಯ ಅಜ್ಜಿ ಗೋಡೆಯ ಕಡೆ ತಿರುಗಿದವಳು ಈಚೆ ತಿರುಗಲಿಲ್ಲ. ತಪಾಸಣೆಗೆ ಬಂದ ಅಧಿಕಾರಿ ಈ ಮೌನ ಕೇಳಿ, ವಾತಾವರಣ ಶಾಂತವಾಗಿದೆ ಎಂದು ಷರಾ ಬರೆದು ಹೋದ.

ಕಂಡಕ್ಟರ್ ತಾತನೊಬ್ಬ ಮಾತ್ರ ಕೂಗುತ್ತಿದ್ದ. ಮೂವತ್ತೈದು ವರ್ಷ ಬಸ್ಸಿನಲ್ಲಿ ಟಿಕೆಟ್ಟು ಹರಿದ ಮನುಷ್ಯ. ಹೆಂಡತಿಯ ಹೆಸರು ಮರೆತಿದ್ದ, ತನ್ನ ಹೆಸರೂ ಮರೆತಿದ್ದ, ಬಸ್ಸು ಮರೆತಿರಲಿಲ್ಲ. ವಾರ್ಡೆಲ್ಲ ಅವನ ಬಸ್ಸು. "ಮುಂದೆ ಹೋಗಿ ಮುಂದೆ, ಮುಂದೆ ಜಾಗ ಇದೆ!" ಎಂದು ಹನ್ನೊಂದನೆಯ ಹಾಸಿಗೆಯಿಂದ ಗದರುತ್ತಿದ್ದ. ಪಕ್ಕಕ್ಕೆ ಬಂದವರ ಎದುರು ಅಂಗೈ ಚಾಚಿ "ಎಲ್ಲಿಗೆ?" ಎನ್ನುತ್ತಿದ್ದ. ಆಯಾಗಳು ಆ ಅಂಗೈಯಲ್ಲಿ ತಮ್ಮ ಒಂದು ಬೆರಳಿಟ್ಟರೆ ಸಾಕು, ಬಿಗಿಯಾಗಿ ಹಿಡಿದುಕೊಂಡು ಸಮಾಧಾನವಾಗುತ್ತಿದ್ದ. "ದುಡ್ಡಿನ ಬದಲು ಬೆರಳು ತಗೊಳೋ ಕಂಡಕ್ಟರು ಇವನೊಬ್ಬನೇ ಕಣ್ರೇ," ಎಂದು ಚಟಾಕಿ ನಗಿಸುತ್ತಿದ್ದಳು. "ಚಿಲ್ಲರೆ ವಾಪಸ್ ಕೇಳಿದ್ರೆ ಮಾತ್ರ ಮುಖ ಗಂಟು ಹಾಕ್ತಾನೆ." ಬೆರಳು ಅವನ ಹಿಡಿಯಲ್ಲಿದ್ದರೆ ಗಂಜಿ ಒಳಗೆ ಹೋಗುತ್ತಿತ್ತು. ಒಂದು ಬಟ್ಟಲಿಗೆ ಒಂದು ಗಂಟೆ.

ಈಗ ಬಟ್ಟಲಿಗೆ ಐದು ನಿಮಿಷ. ಅವನ ಕೆನ್ನೆ ಒಳಕ್ಕೆ ಹೋಯಿತು, ಕೂಗು ಸಣ್ಣದಾಯಿತು. ಇಪ್ಪತ್ತನಾಲ್ಕನೆಯ ದಿನದಿಂದ ಗಂಜಿಯನ್ನು ತುಟಿಯಿಂದಲೇ ಹೊರಗೆ ತಳ್ಳಿದ. ಇಪ್ಪತ್ತೇಳನೆಯ ದಿನ ಬೆಳಿಗ್ಗೆ ದೊಡ್ಡಕ್ಕ ಅವನ ಪಾದ ಮುಟ್ಟಿ ನೋಡಿದಳು, ಉಸಿರಿನ ನಡುವಿನ ಬಿಡುವು ಎಣಿಸಿದಳು, ನೇರ ಸೂಪರಿಂಟೆಂಡೆಂಟರ ಕೋಣೆಗೆ ಹೋದಳು.

"ತಾತ ಇವತ್ತು ಹೋಗ್ತಾರೆ ಸಾರ್. ಒಬ್ಬರನ್ನ ಪಕ್ಕದಲ್ಲಿ ಕೂರೋಕೆ ಬಿಡಿ."

"ಡಾಕ್ಟರು ಬರೆದಿದಾರಾ?"

"ಡಾಕ್ಟರು ಬರೋದು ಗುರುವಾರ."

"ಮತ್ತೆ ನೀನು ಹೇಗೆ ಹೇಳ್ತೀಯ?"

ಇಪ್ಪತ್ತಾರು ವರ್ಷ ಎಂದು ಹೇಳಬೇಕೆನ್ನಿಸಿತು. ಶುಚಿತ್ವ ದರ್ಜೆಯವಳ ಇಪ್ಪತ್ತಾರು ವರ್ಷ.

"ಇನ್ನು ಮೂರು ದಿನ ತಡ್ಕೊಳಮ್ಮ," ಎಂದರು ಅವರು, ಬೇಡುವವರಂತೆ. "ಚಾರ್ಟು ಚೆನ್ನಾಗಿ ಬಂದಿದೆ. ನೀನೇ ಹಾಳು ಮಾಡ್ಕೋಬೇಡ. ಸುತ್ತಿಗೆ ಹೋದಾಗ ಒಂದು ಕಣ್ಣಿಟ್ಟಿರು."

ಶೆಡ್ಡಿನಲ್ಲಿ ಚಟಾಕಿ ಹಸಿ ಹಾಸುಬಟ್ಟೆಯ ಒಂದು ಕೊನೆ ಹಿಡಿದು ಇನ್ನೊಂದು ಕೊನೆ ಅವಳ ಕೈಗೆ ಕೊಟ್ಟಳು. ಮುಖ ನೋಡಿಯೇ ಅರ್ಥ ಮಾಡಿಕೊಂಡಳು.

"ನೀನು ಹೋಗಿ ಕೂತ್ಕೋ ಅಕ್ಕಾ. ನಿನ್ನ ಪಾಲಿನದನ್ನ ನಾನು ಮಡಿಸ್ತೀನಿ."

"ಯಾರಾದ್ರೂ ನೋಡಿದ್ರೆ?"

"ನೋಡ್ಲಿ."

"ಹದಿನಾಲ್ಕು ಜನದ ಅನ್ನ ಕಣೇ ಇದು. ಒಂದು ಸಲ ಕಳೆದಿದೀನಿ. ಇನ್ನೊಂದು ಸಲ ಕಳೆಯಲ್ಲ."

ಎರಡು ಗಂಟೆಯ ಸುತ್ತಿಗೆ ಹೋದಾಗ ತಾತ ಕಣ್ಣು ಬಿಟ್ಟಿದ್ದ. ಅಂಗೈ ಚಾಚಿದ. ಅವಳು ಬೆರಳಿಟ್ಟಳು. ಇಷ್ಟು ಬಡಕಲು ಕೈಯಲ್ಲಿ ಅಷ್ಟು ಬಿಗಿ ಎಲ್ಲಿತ್ತೋ. "ಎಲ್ಲಿಗೆ?" ಎಂದ, ಸದ್ದಿಲ್ಲದೆ, ತುಟಿಯಲ್ಲಿ. ಅವಳು ಹದಿನೈದು ನಿಮಿಷ ಬಗ್ಗಿಕೊಂಡು ನಿಂತಳು, ಹದಿನೆಂಟು ನಿಮಿಷ ನಿಂತಳು. ಸುತ್ತು ಮುಗಿದ ಗಂಟೆ ಹೊಡೆಯಿತು. ಆಮೇಲೆ ಅವಳು ತನ್ನ ಇನ್ನೊಂದು ಕೈಯಿಂದ ತಾತನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕಿರುಬೆರಳು, ಉಂಗುರ ಬೆರಳು, ನಡುಬೆರಳು. "ಬಂದೆ ತಾತ. ಒಂದೇ ನಿಮಿಷ," ಎಂದಳು.

ನಾಲ್ಕು ಗಂಟೆಗೆ ಹೋದಾಗ ಅವನು ತಣ್ಣಗಾಗಿದ್ದ. ಅಂಗೈ ಮಂಚದ ಆಚೆಗೆ ಚಾಚಿಕೊಂಡೇ ಇತ್ತು. ಓಣಿಯ ಕಡೆಗೆ, ಅವಳು ಹೋದ ಕಡೆಗೆ.

ಇಪ್ಪತ್ತೆರಡನೆಯ ನಂಬರಿನ ಕೆಲಸವನ್ನು ಇಬ್ಬರೂ ಸೇರಿ ಮಾಡಿದರು. ಚಟಾಕಿ ಅತ್ತಳು. ದೊಡ್ಡಕ್ಕನಿಗೆ ಅಳು ಬರಲಿಲ್ಲ. ಚಾಚಿದ ಕೈಯನ್ನು ಮಡಿಸಿ ಎದೆಯ ಮೇಲಿಡಲು ನೋಡಿದಳು. ಹೊತ್ತಾಗಿ ಸೆಟೆದಿತ್ತು, ಮಡಿಯಲಿಲ್ಲ. ಎಷ್ಟು ಹೊತ್ತಾಗಿರಬಹುದೆಂದು ಅದರಿಂದಲೇ ಲೆಕ್ಕ ಹಾಕಿದಳು. ಅವಳು ಬೆನ್ನು ತಿರುಗಿಸಿದ ಸ್ವಲ್ಪ ಹೊತ್ತಿಗೇ.

ಮಾರನೆಯ ಬೆಳಿಗ್ಗೆ ಇಬ್ಬರಿಗೂ ಕರೆ ಬಂತು. ಸೂಪರಿಂಟೆಂಡೆಂಟರ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಬಲಕ್ಕೆ ಹದಿನಾಲ್ಕು ಜನರ ಮೇಲ್ಮನವಿ. ಅದರ ಕೊನೆಯಲ್ಲಿ ಶಿಫಾರಸಿನ ಒಕ್ಕಣೆ ಟೈಪಾಗಿತ್ತು, ಸಹಿಯ ಜಾಗ ಖಾಲಿ. ಎಡಕ್ಕೆ ಸಾವಿನ ರಿಜಿಸ್ಟರು. ಅವರ ಕಣ್ಣು ಊದಿತ್ತು, ನಿದ್ದೆ ಇದ್ದಂತಿರಲಿಲ್ಲ.

"ಕೂತ್ಕೊಳಮ್ಮ," ಎಂದರು. ಇಷ್ಟು ವರ್ಷದಲ್ಲಿ ಅವರು ಆ ಕೋಣೆಯಲ್ಲಿ ಆಯಾಗಳಿಗೆ ಕುರ್ಚಿ ತೋರಿಸಿದ್ದು ಅದೇ ಮೊದಲು. "ಒಂದು ಸಣ್ಣ ಬರವಣಿಗೆ ಇದೆ. ಈ ಕಾಲಂ ನೋಡು. ಸಾವಿನ ವೇಳೆಯಲ್ಲಿ ಹಾಜರಿದ್ದವರು. ಇದನ್ನ ಖಾಲಿ ಬಿಡೋ ಹಾಗಿಲ್ಲ. ಯಾರೂ ಇರಲಿಲ್ಲ ಅಂತಾದ್ರೆ ಮೇಲಿಂದ ವಿಚಾರಣೆ ಬರುತ್ತೆ. ಚಾರ್ಟು ಹಾಕಿದ್ದು ಯಾರು, ಸ್ಟೂಲು ತೆಗೆಸಿದ್ದು ಯಾರು, ಎಲ್ಲ ಎಳೀತಾರೆ. ನಿನ್ನ ಹೆಸರು ಬರೆದು, ಮೂರು ಗಂಟೆ ಹತ್ತು ನಿಮಿಷ, ಪಕ್ಕದಲ್ಲೇ ಕುಳಿತಿದ್ದೆ ಅಂತ ಬರೆದು ಸಹಿ ಮಾಡು. ಅಷ್ಟೇ."

"ನಾನು ಶೆಡ್ಡಿನಲ್ಲಿದ್ದೆ ಸಾರ್."

"ಗೊತ್ತು."

"ಚಾರ್ಟಿನಲ್ಲೂ ಹಂಗೇ ಇದೆ. ಮೂರು ಗಂಟೆಗೆ ಬಟ್ಟೆ ಮಡಿಸ್ತಿದ್ದೆ ಅಂತ."

"ಚಾರ್ಟನ್ನ ನಾನು ನೋಡ್ಕೋತೀನಿ. ಆ ದಿನದ ಹಾಳೆ ಬೇರೆ ಬರೆಸೋಣ." ಅವರು ಬಲಗಡೆಯ ಕಾಗದವನ್ನು ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. "ನೀನು ಅಲ್ಲಿ ಸಹಿ ಮಾಡು, ನಾನು ಇಲ್ಲಿ ಸಹಿ ಮಾಡ್ತೀನಿ. ಈಗಲೇ, ನಿನ್ನ ಕಣ್ಣೆದುರಿಗೇ. ಇವತ್ತಿನ ಟಪಾಲಿಗೇ ಹೋಗುತ್ತೆ. ಹಳೇ ದರ್ಜೆ ವಾಪಸ್ ಬರೋ ಹಾಗೆ ಮಾಡೋದು ನನ್ನ ಜವಾಬ್ದಾರಿ. ನಾನು ಮಾತು ಕೊಡ್ತಿದೀನಿ."

ಚಟಾಕಿ ಅವಳ ತೋಳು ಹಿಡಿದಳು. "ಅಕ್ಕಾ, ಬರಿ."

ದೊಡ್ಡಕ್ಕ ರಿಜಿಸ್ಟರನ್ನು ಹತ್ತಿರಕ್ಕೆ ಎಳೆದುಕೊಂಡಳು. ತಾತನ ಹೆಸರು ಅದರಲ್ಲಿತ್ತು. ಅವನಿಗೇ ನೆನಪಿರದಿದ್ದ ಹೆಸರು, ದುಂಡಗಿನ ಅಕ್ಷರದಲ್ಲಿ. ಅದರ ಮುಂದೆ ಒಂದು ಬೆರಳಗಲದ ಖಾಲಿ ಜಾಗ.

"ಬರಿ ಅಕ್ಕಾ," ಎಂದಳು ಚಟಾಕಿ ಮತ್ತೆ. ಅವಳ ದನಿಯಲ್ಲಿ ಚಟಾಕಿಯೂ ಇರಲಿಲ್ಲ, ಚುಚ್ಚುಮಾತೂ ಇರಲಿಲ್ಲ. "ತಾತ ಹೋದ. ಏನು ಬರೆದ್ರೂ ಅವನಿಗೆ ಗೊತ್ತಾಗಲ್ಲ. ನಿನ್ನ ಮೈದುನನ್ನ ನೋಡು, ಈ ತಿಂಗಳ ಮಾತ್ರೆ ಅರ್ಧ ಅರ್ಧ ಮಾಡಿ ಕೊಡ್ತಿದೀನಿ. ಆವತ್ತು ನೀನು ಹೇಳಿದ್ದು ಕೇಳಿ ನಾನು ಹಾಳೆ ಬದಲಾಯಿಸಿದೆ. ಇವತ್ತು ನಾನು ಹೇಳಿದ್ದು ನೀನು ಕೇಳು. ಒಂದೇ ಒಂದು ಸಲ."

ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ದೊಡ್ಡಕ್ಕ ಪೆನ್ನು ತೆಗೆದುಕೊಂಡಳು. ಬರೆಯಬೇಕೆಂದೇ ತೆಗೆದುಕೊಂಡಳು. ಮೊದಲ ಅಕ್ಷರದ ಗೆರೆ ಎಳೆಯಲು ತುದಿಯನ್ನು ಕಾಗದಕ್ಕೆ ಊರಿದಳೂ ಹೌದು. ಇವರೆಲ್ಲ ಏನೆಂದುಕೊಂಡಿದ್ದಾರೆ, ಎಂದು ಆಗ ಅವಳಿಗೆ ಅನ್ನಿಸಿತು. ನಾನು ನಿಜವಾಗಿ ಕೂತ ಹೊತ್ತನ್ನೆಲ್ಲ ಸೊನ್ನೆ ಮಾಡಿದರು, ಸಂಬಳದಿಂದ ಕಿತ್ತುಕೊಂಡರು. ಈಗ ಕೂರದ ಹೊತ್ತೊಂದನ್ನು ಕೈಗೆ ಕೊಟ್ಟು, ಇದಕ್ಕೆ ಸಂಬಳ ಕೊಡುತ್ತೇವೆ ಎನ್ನುತ್ತಿದ್ದಾರೆ. ಇದಕ್ಕೆ ಸಹಿ ಹಾಕಿದರೆ ಆ ಕೈ ಖಾಲಿ ಇರಲಿಲ್ಲ ಎಂದಾಗುತ್ತದೆ. ಮುದುಕ ಒಬ್ಬನೇ ಸಾಯಲಿಲ್ಲ ಎಂದಾಗುತ್ತದೆ. ನಾಲ್ಕನೆಯ ಹಾಸಿಗೆಯವಳೂ ಒಬ್ಬಳೇ ಸಾಯುವುದಿಲ್ಲ, ಒಂಬತ್ತನೆಯ ಹಾಸಿಗೆಯವನೂ ಇಲ್ಲ. ಎಲ್ಲರ ಪಕ್ಕದಲ್ಲೂ ರಿಜಿಸ್ಟರಿನಲ್ಲಿ ಒಬ್ಬೊಬ್ಬ ಆಯಾ ಕೂತಿರುತ್ತಾಳೆ, ಶೆಡ್ಡಿನಲ್ಲಿ ಬಟ್ಟೆ ಮಡಿಸುತ್ತಾ.

ಅವಳು ಪೆನ್ನು ಕೆಳಗಿಟ್ಟಳು.

"ಬೇಕಾದ್ರೆ ಯಾರೂ ಇರಲಿಲ್ಲ ಅಂತ ಬರೆದು ಸಹಿ ಮಾಡ್ತೀನಿ ಸಾರ್. ಎರಡು ಗಂಟೆಗೆ ನಾನು ಬೆರಳು ಬಿಡಿಸ್ಕೊಂಡು ಹೋದೆ ಅಂತಲೂ ಬರೀತೀನಿ. ಇದ್ದೆ ಅಂತ ಬರೆಯಲ್ಲ."

"ಹಾಗೆ ಬರೆದ್ರೆ ವಿಚಾರಣೇಲಿ ಮೊದಲು ನಿನ್ನ ಕೆಲಸವೇ ಹೋಗೋದು. ಅರ್ಥ ಆಗ್ತಿದೆಯಾ?"

"ಆಗ್ತಿದೆ."

"ಹದಿಮೂರು ಜನಕ್ಕೆ ಏನು ಹೇಳ್ತೀಯ?"

ಚಟಾಕಿಯ ಕೈ ದೊಡ್ಡಕ್ಕನ ತೋಳಿನಿಂದ ಜಾರಿತು. ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು, ಬಾಗಿಲು ತೆರೆದ ಸದ್ದಾಯಿತು. ದೊಡ್ಡಕ್ಕ ತಿರುಗಿ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಚಪ್ಪಲಿಯ ಸಪ್ಪಳ ಓಣಿಯುದ್ದಕ್ಕೂ ಹೋಗಿ ಶೆಡ್ಡಿನ ಹತ್ತಿರ ನಿಂತುಹೋಯಿತು.

ಸೂಪರಿಂಟೆಂಡೆಂಟರು ಎದ್ದು ನಿಂತರು. ರಿಜಿಸ್ಟರನ್ನು ಅವಳ ಎದೆಯವರೆಗೂ ತಳ್ಳಿ, ಖಾಲಿ ಜಾಗದ ಮೇಲೆ ಬೆರಳು ಕುಟ್ಟಿದರು.

"ಬರಿ ಅಂದೆ."

"ಇಲ್ಲ ಸಾರ್. ಬರೆಯಲ್ಲ."